ಎಡೆದೊರೆಯ ಮೀನೂ ಗಾಜಿನ ತೊಟ್ಟಿಯೂ

ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ತುಂಗಭದ್ರೆಯೂ ಎಲ್ಲೆಗಟ್ಟಿರುವ ರಾಯಚೂರು ಸೀಮೆಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಆ ನಾಡಿನಲ್ಲಿ ದೇವದುರ್ಗವು ಕೃಷ್ಣೆಯ ಮಗ್ಗುಲಿಗೂ ಮಾನ್ವಿಯು ತುಂಗಭದ್ರೆಯ ಮಗ್ಗುಲಿಗೂ ಇವೆ; ಎಲ್ಲಮ್ಮನ ಜಾತ್ರೆಗೆ ಹೆಸರಾದ ನೀರಮಾನ್ವಿಯು, ಬಂಡೆಗಲ್ಲಿನ ಗುಡ್ಡಗಳೂ ಎರೆಹೊಲಗಳೂ ಕೂಡಿರುವ ಮಾನ್ವಿ ತಾಲ್ಲೂಕಿಗೆ ಸೇರಿದ ಊರು. ಈ ಪ್ರಾಂತದ ಚರಿತ್ರೆಯನ್ನು ಬರೆದವರು ಮಸ್ಕಿಯ ಅಶೋಕಶಾಸನವನ್ನೂ, 1294ರಲ್ಲಿ ಕಟ್ಟಿದ ರಾಯಚೂರಿನ ಕೋಟೆಯನ್ನೂ, 1520ರಲ್ಲಿ ಕೃಷ್ಣದೇವರಾಯನು ಆ ಕೋಟೆಯ ಮುಂದೆ ಗೆದ್ದ ಯುದ್ಧವನ್ನೂ, ಮಾನ್ವಿಯ ಜಗನ್ನಾಥದಾಸರ ಭಕ್ತಿಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಎರಡು ಮಹಾನದಿಗಳ ನಡುವೆ ಬಾಳಿದ ಜನಕ್ಕೂ ಆ ನದಿಗಳ ಮೀನಿಗೂ ಇದ್ದ ಸಂಬಂಧವು ಅಷ್ಟೇ ಪುರಾತನವಾದದ್ದು. ಅದಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ತೀರ ಈಚಿನ ಅಧ್ಯಾಯವು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಪದ್ಧತಿ; ಮತ್ತು ಆ ಅಧ್ಯಾಯದ ಅತ್ಯಂತ ಕರುಣಾಜನಕವಾದ ಸಂಗತಿಯೆಂದರೆ, ತೊಟ್ಟಿಯೊಳಗೆ ಬೆಳವಣಿಗೆ ನಿಂತುಹೋಗಿ ಕುಬ್ಜವಾಗುವ ಮೀಸೆಯ ಮೀನು, ಎಂದರೆ ಇಂದು ಎಲ್ಲರೂ ಕ್ಯಾಟ್‌ಫಿಶ್ ಎಂದು ಕರೆಯುವ ಜಾತಿಯ ಮೀನು.

ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ದೊಡ್ಡದಾಗುತ್ತದೆ, ಜಾಗವನ್ನು ನೋಡಿಕೊಂಡು ಅದು ತನ್ನ ಬೆಳವಣಿಗೆಯನ್ನು ತಾನೇ ತಡೆದುಕೊಳ್ಳುತ್ತದೆ ಎಂಬ ಮಾತು ಮೀನು ಮಾರುವವರಲ್ಲಿಯೂ ಕೊಳ್ಳುವವರಲ್ಲಿಯೂ ಬಹುಕಾಲದಿಂದ ಬೇರೂರಿದೆ. ಮೇಲುನೋಟಕ್ಕೆ ಅದು ನಿಜವೆಂದೇ ತೋರುವುದು, ಏಕೆಂದರೆ ಚಿಕ್ಕ ತೊಟ್ಟಿಯ ಮೀನು ವಾಸ್ತವವಾಗಿಯೂ ಚಿಕ್ಕದಾಗಿಯೇ ಉಳಿಯುತ್ತದೆ. ಆದರೆ ಅದು ಹೊಂದಿಕೆಯಿಂದ ಉಳಿದ ಚಿಕ್ಕತನವೇ, ಅಥವಾ ವ್ಯಾಧಿಯಿಂದ ಉಂಟಾದ ಚಿಕ್ಕತನವೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅದಕ್ಕೆ ಉತ್ತರ ಕಾಣಬೇಕಾದರೆ ಮೊದಲು ಹೊಳೆಯ ಮೀನನ್ನು ನೋಡಬೇಕು. ಬಳಿಕ ನಮ್ಮ ಹಿರಿಯರು ನೀರನ್ನೂ ಮೀನನ್ನೂ ಕೂಡಿಸಿದ ಬಗೆಯನ್ನು ನೋಡಬೇಕು. ಆಮೇಲೆ ಗಾಜಿನ ತೊಟ್ಟಿಗೆ ಬರಬೇಕು.

ಕೃಷ್ಣೆ–ತುಂಗಭದ್ರೆಗಳು ಮೀಸೆಯ ಮೀನುಗಳಿಗೆ ತವರು. ಮೈಮೇಲೆ ಹುರುಪೆಯಿಲ್ಲದೆ, ಬಾಯ ಸುತ್ತ ಎಳೆಎಳೆಯಾದ ಮೀಸೆಗಳನ್ನು ಚಾಚಿ, ಕತ್ತಲೆಯಲ್ಲಿ ತಳವನ್ನು ತಡವಿ ಆಹಾರವನ್ನು ಕಂಡುಕೊಳ್ಳುವುದು ಈ ಕುಲದ ಲಕ್ಷಣ. ಇವುಗಳಲ್ಲಿ ಬಾಳೆಮೀನು ಆರು ಅಡಿಯವರೆಗೂ ಬೆಳೆಯಬಲ್ಲದು. ಕೆಸರಿನಲ್ಲಿ ವಾಸಿಸುವ ಚೇಳುಮೀನಾದರೋ ಒಂದು ಅಡಿಯನ್ನು ಮುಟ್ಟುವುದೇ ಹೆಚ್ಚು, ಆದರೆ ಅದರ ಮುಳ್ಳಿನ ವಿಷವು ಬಲೆ ಬೀಸುವವರಿಗೆಲ್ಲ ಪರಿಚಿತವಾದದ್ದು. ದಖ್ಖನ್ ಪ್ರಸ್ಥಭೂಮಿಯ ಮೀನುಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ಮೊದಲಿಗನಾದ ಕರ್ನಲ್ ಸೈಕ್ಸ್ ಎಂಬಾತನು 1839ರಲ್ಲಿ ಲೋಕಕ್ಕೆ ಪರಿಚಯಿಸಿದ ಸೈಲೋನಿಯಾ ಎಂಬ ಬೆಳ್ಳಿಬಣ್ಣದ ದೊಡ್ಡ ಮೀಸೆಮೀನು ಕೂಡ ಇದೇ ಜಲಸಂತಾನದ್ದು. ಸೈಕ್ಸನು ಮೀನುಗಳನ್ನು ನೋಡಿದ ಭೀಮಾನದಿಯು ಹರಿದುಬಂದು ಕೃಷ್ಣೆಯನ್ನು ಕೂಡುವುದು ರಾಯಚೂರಿನ ಉತ್ತರಕ್ಕೇ. ಹರಿಗೋಲನ್ನು ಹಾಕಿ, ಬಲೆಯನ್ನೂ ಗಾಳವನ್ನೂ ನಂಬಿ ಬಾಳಿದ ಅಂಬಿಗರಿಗೂ ಗಂಗಾಮತಸ್ಥರಿಗೂ, ಯಾವ ಮಡುವಿನಲ್ಲಿ ಎಂಥ ಮೀನು ನಿಲ್ಲುವುದು, ಯಾವ ಮಳೆಗೆ ಯಾವುದು ಪ್ರವಾಹಕ್ಕೆ ಇದಿರಾಗಿ ಏರುವುದು ಎಂಬ ಅರಿವು ಪರಂಪರೆಯಿಂದ ಬಂದದ್ದು. ಹೊಳೆಯಲ್ಲಿ ಆಳುದ್ದ ಬೆಳೆಯುವ ಮೀನನ್ನು ಕೊಡದ ನೀರಿನಲ್ಲಿ ಇಡಬಹುದೆಂಬ ಕಲ್ಪನೆಗೆ ಆ ಅರಿವಿನಲ್ಲಿ ಅವಕಾಶವಿರಲಿಲ್ಲ.

ಮೀನನ್ನು ಹಿಡಿಯುವುದಷ್ಟೇ ಅಲ್ಲದೆ ಪೋಷಿಸುವುದೂ ಒಂದು ವಿದ್ಯೆಯೆಂಬ ಭಾವನೆ ಕನ್ನಡನಾಡಿನಲ್ಲಿ ಹೊಸತೇನೂ ಅಲ್ಲ. ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಎಡೆದೊರೆ ನಾಡನ್ನೂ ಆಳಿದ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು, ಸರ್ವಜ್ಞ ಚಕ್ರವರ್ತಿಯೆಂಬ ಬಿರುದಿಗೆ ಪಾತ್ರನಾದವನು, ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವನ್ನೇ ಇರಿಸಿದ್ದಾನೆ. ಅಲ್ಲಿ ಮೂವತ್ತೈದು ಬಗೆಯ ಮೀನುಗಳ ಪ್ರಸ್ತಾವವಿದೆ. ಸಮುದ್ರದವು ಯಾವುವು, ನದಿಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ಗಾತ್ರದಲ್ಲಿ ಹಿರಿಯವು, ನಡುತರದವು, ಕಿರಿಯವು ಯಾವುವು. ಯಾವುದಕ್ಕೆ ಎಂಥ ಆಹಾರವು ಒಗ್ಗುವುದು. ಗಾಳವೂ ದಾರವೂ ಕೋಲೂ ಹೇಗಿರತಕ್ಕದ್ದು ಎಂಬ ವಿಷಯಗಳನ್ನು ರಾಜನು ಕ್ರಮವಾಗಿ ನಿರೂಪಿಸುತ್ತಾನೆ. ಭಾರತೀಯ ಮತ್ಸ್ಯಶಾಸ್ತ್ರದ ಹಿರಿಯರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ ಲೇಖನವನ್ನು ಪ್ರಕಟಿಸಿದಮೇಲೆ, ಜಲಾಶಯಗಳಲ್ಲಿ ಮೀನನ್ನು ಉಣಿಸಿ ಪುಷ್ಟಗೊಳಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಇದೊಂದೆಂದು ವಿದ್ವಾಂಸರು ಪರಿಗಣಿಸಿದ್ದಾರೆ. ಇಲ್ಲಿ ನಮಗೆ ಮುಖ್ಯವಾದದ್ದು ಸೋಮೇಶ್ವರನ ವಿಂಗಡಣೆಯ ಕ್ರಮ. ಅವನು ಮೀನಿನ ಅಂದವನ್ನು ಹಿಡಿದು ವಿಂಗಡಿಸಲಿಲ್ಲ. ಅದು ಇರುವ ನೀರು, ಅದರ ಮೈ, ಅದು ಮುಟ್ಟುವ ಗಾತ್ರ, ಅದು ತಿನ್ನುವ ಆಹಾರ, ಇವನ್ನು ಹಿಡಿದು ವಿಂಗಡಿಸಿದನು. ಮೀನನ್ನು ಸಾಕಬಯಸುವ ಯಾವನಿಗಾದರೂ ಇಂದಿಗೂ ಮೊದಲು ತಿಳಿದಿರಬೇಕಾದ ಸಂಗತಿಗಳು ಈ ನಾಲ್ಕೇ.

ಅರಮನೆಯ ವಿನೋದದಿಂದ ದೇವಸ್ಥಾನದ ಕಡೆಗೆ ತಿರುಗಿದರೆ ಅದೇ ವಿವೇಕವು ಭಕ್ತಿಯ ರೂಪದಲ್ಲಿ ಕಾಣುವುದು. ಶೃಂಗೇರಿಯ ತುಂಗೆಯಲ್ಲಿಯೂ, ಶಿಶಿಲದ ಕಪಿಲೆಯಲ್ಲಿಯೂ, ರಾಮನಾಥಪುರದ ಕಾವೇರಿಯಲ್ಲಿಯೂ ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದಿರುವ ಮೀನುಗಳು ಹರಿಯುವ ಹೊಳೆಯಲ್ಲಿಯೇ ಇದ್ದು, ಯಾತ್ರಿಕರು ಎರಚುವ ಅಕ್ಕಿ–ಮಂಡಕ್ಕಿಗಳನ್ನು ತಿಂದು, ತಮ್ಮ ಜಾತಿಗೆ ಸಹಜವಾದ ಗಾತ್ರಕ್ಕೆ ಬೆಳೆಯುತ್ತವೆ. ಅಲ್ಲಿ ಮನುಷ್ಯನು ಮೀನಿನ ಬಳಿಗೆ ಹೋಗುವನೇ ಹೊರತು ಮೀನನ್ನು ತನ್ನ ಬಳಿಗೆ ತರುವುದಿಲ್ಲ.

ಚಿಕ್ಕ ನೀರಿನಲ್ಲಿ ಮೀನನ್ನು ಇಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಇದ್ದಾಗ ಅದು ಪ್ರಯೋಜನವನ್ನು ನೋಡಿ, ನೀರಿಗೆ ತಕ್ಕ ಮೀನನ್ನು ಆರಿಸಿ ನಡೆಯಿತು. ರಾಯಚೂರೂ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ನಾರುಹುಣ್ಣು ಘೋರವಾದ ಪೀಡೆಯಾಗಿದ್ದಿತು. ಮೆಟ್ಟಿಲುಬಾವಿಗಿಳಿದು ನೀರು ತುಂಬುವವರ ಕಾಲಿನ ಹುಣ್ಣಿನಿಂದ ಹೊರಬಿದ್ದ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜಂತುವಿನ ಹೊಟ್ಟೆಯನ್ನು ಸೇರಿ, ಆ ನೀರನ್ನು ಕುಡಿದವರ ದೇಹದಲ್ಲಿ ಮತ್ತೆ ಹುಳುವಾಗಿ ಬೆಳೆಯುತ್ತಿದ್ದವು. ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ಮೂರ್ತಿ ಮತ್ತು ಸ್ವೀಟ್ ಎಂಬ ವೈದ್ಯವಿಜ್ಞಾನಿಗಳು, ಸೈಕ್ಲಾಪ್ಸನ್ನು ತಿಂದುಹಾಕುವ ಸಣ್ಣ ಜಾತಿಯ ದೇಶೀಯ ಮೀನುಗಳನ್ನು ಇಂಥ ಬಾವಿಗಳಲ್ಲಿ ಬಿಟ್ಟು ರೋಗವನ್ನು ತಡೆಯುವ ಉಪಾಯವನ್ನು ಪರೀಕ್ಷಿಸಿ, 1936ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಸೊಳ್ಳೆಯ ಮರಿಗಳನ್ನು ತಿನ್ನಿಸುವ ಉದ್ದೇಶದಿಂದ ಗ್ಯಾಂಬೂಸಿಯಾ ಎಂಬ ಬೆರಳುದ್ದದ ಮೀನನ್ನು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತರಿಸಿದ್ದೂ ಇದೇ ಕಾಲದ ಮಾತು. ಭಾರತವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2000ದಲ್ಲಿ ಘೋಷಿಸಿತು. ಆ ವಿಜಯದ ಮುಖ್ಯ ಕೀರ್ತಿ ಶುದ್ಧಜಲದ ವ್ಯವಸ್ಥೆಗೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಅಭ್ಯಾಸಕ್ಕೂ ಸಲ್ಲತಕ್ಕದ್ದಾದರೂ, ಬಾವಿಯ ಅಳತೆಗೆ ತಕ್ಕ ಮೀನನ್ನು ಆರಿಸಿದ ಆ ವೈದ್ಯರ ಕ್ರಮವು ನಮ್ಮ ವಿಷಯಕ್ಕೆ ಸ್ಮರಣೀಯವಾಗಿದೆ. ಬೆರಳುದ್ದದ ಮೀನಿಗೆ ಬಾವಿಯೇ ವಿಶಾಲವಾದ ಲೋಕ. ಬಾಳೆಮೀನನ್ನು ತಂದು ಬಾವಿಗೆ ಬಿಡಬೇಕೆಂದು ಯಾರೂ ಯೋಚಿಸಲಿಲ್ಲ.

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಗಾಜು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಪ್ರಕೃತಿಪ್ರಿಯರು, ನೀರಿನ ಗಿಡಗಳನ್ನೂ ಜೀವಿಗಳನ್ನೂ ಒಂದೇ ಗಾಜಿನ ಪಾತ್ರೆಯಲ್ಲಿ ಕೂಡಿಸಿದರೆ ಅವು ಪರಸ್ಪರ ಉಸಿರನ್ನು ಒದಗಿಸಿಕೊಂಡು ಬದುಕುವುವೆಂದು ಕಂಡುಕೊಂಡರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನ ಗ್ರಂಥವು ಅಕ್ವೇರಿಯಂ ಎಂಬ ಹೆಸರನ್ನು ಮನೆಮಾತನ್ನಾಗಿ ಮಾಡಿತು. ಭಾರತದಲ್ಲಿ ಮದರಾಸಿನ ಸರ್ಕಾರವು 1909ರಲ್ಲಿ ಸಮುದ್ರತೀರದಲ್ಲಿ ಸಾರ್ವಜನಿಕ ಮತ್ಸ್ಯಾಲಯವನ್ನು ಸ್ಥಾಪಿಸಿತು. 1951ರಲ್ಲಿ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವೂ, 1983ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯವೂ ಬಂದವು. ಇವು ಸಾವಿರಾರು ಜನರಿಗೆ ಮೀನನ್ನು ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ, ನೋಡುವ ಹೊಸ ಅನುಭವವನ್ನು ಕೊಟ್ಟವು. ನೋಡಿ ಬಂದವರಿಗೆ ಮನೆಯಲ್ಲಿಯೂ ಅಂಥದೊಂದಿರಲಿ ಎಂಬ ಆಸೆ ಹುಟ್ಟಿದ್ದು ಸಹಜವೇ ಆಗಿದೆ. ಅಂಟಿಸಿದ ಗಾಜಿನ ತೊಟ್ಟಿಗಳೂ, ವಿದ್ಯುತ್ತಿನಿಂದ ಗಾಳಿಯೂದುವ ಪುಟ್ಟ ಯಂತ್ರಗಳೂ ಅಗ್ಗವಾದಂತೆ, ಚೆನ್ನೈಯ ಕೊಳತ್ತೂರಿನಂಥ ಕೇಂದ್ರಗಳಲ್ಲಿ ಮರಿಮಾಡಿದ ಅಲಂಕಾರದ ಮೀನುಗಳು ಪ್ಲಾಸ್ಟಿಕ್ ಚೀಲಗಳಲ್ಲಿ ದಕ್ಷಿಣಭಾರತದ ಊರೂರಿಗೆ ಹೊರಟವು. ನೀರನ್ನು ನೋಡಿ ಮೀನನ್ನು ಆರಿಸುತ್ತಿದ್ದ ಹಳೆಯ ವಿವೇಕವು ಹಿಂದೆ ಸರಿದು, ಮೊದಲು ಮೀನನ್ನು ಮೆಚ್ಚಿಕೊಂಡು, ಅನಂತರ ಮೇಜಿನ ಮೇಲೆ ಹಿಡಿಯುವಷ್ಟು ನೀರಿನಲ್ಲಿ ಅದನ್ನು ಇಡುವ ರೂಢಿಯು ನೆಲೆಗೊಂಡಿತು.

ಈ ರೂಢಿಯ ಅನರ್ಥವು ಮೀಸೆಯ ಮೀನುಗಳಿಗೆ ತಟ್ಟಿದಷ್ಟು ಬೇರೆ ಯಾವುದಕ್ಕೂ ತಟ್ಟಲಿಲ್ಲವೆನ್ನಬಹುದು. ಅಂಗಡಿಯಲ್ಲಿ ‘ಶಾರ್ಕ್’ ಎಂಬ ಹೆಸರಿನಿಂದ ದೊರೆಯುವ, ಬೆರಳುದ್ದದ, ಹೊಳಪುಮೈಯ ಮೀನು ನಿಜವಾಗಿ ಶಾರ್ಕೇ ಅಲ್ಲ; ಅದು ಆಗ್ನೇಯ ಏಷ್ಯದ ಮೆಕಾಂಗ್ ನದಿಯ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಹೊಳೆಯಲ್ಲಿ ಅದು ನಾಲ್ಕು ಅಡಿಯನ್ನು ಮೀರಿ ಬೆಳೆಯುವುದು. 1990ರ ದಶಕದ ನಡುವಿನಲ್ಲಿ ಬಾಂಗ್ಲಾದೇಶದ ಮಾರ್ಗವಾಗಿ ಭಾರತಕ್ಕೆ ಬಂದ ಇದೇ ಮೀನನ್ನು ಆಂಧ್ರದ ರೈತರು ಹೊಂಡಗಳಲ್ಲಿ ಸಾಕಿ, ಸುಮಾರು ಒಂದು ವರ್ಷದಲ್ಲಿ ಕಿಲೋ ತೂಗುವಂತೆ ಬೆಳೆಸುತ್ತಾರೆ. ಗಾಜಿಗೆ ಬಾಯಿಯನ್ನಂಟಿಸಿ ಪಾಚಿಯನ್ನು ಕೆರೆಯುವುದೆಂದು ‘ಸಕ್ಕರ್’ ಎಂಬ ಹೆಸರಿನಿಂದ ಮಾರುವ ದಕ್ಷಿಣ ಅಮೆರಿಕದ ಮೀನು ಒಂದೂವರೆ ಅಡಿಯ ಜೀವ. ಅಮೆಜಾನಿನ ಕೆಂಪುಬಾಲದ ಕ್ಯಾಟ್‌ಫಿಶ್ ಮೂರು ಅಡಿಯನ್ನು ದಾಟುವುದು. ಇವುಗಳ ಮರಿಗಳನ್ನು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ಐವತ್ತು ಲೀಟರಿನ ಆಸುಪಾಸು ನೀರು ಹಿಡಿಯುವ ತೊಟ್ಟಿಯಲ್ಲಿ ಬಿಟ್ಟು, ವರ್ಷವಾದರೂ ಗೇಣುದ್ದವೇ ಇದೆಯಲ್ಲ, ಎಷ್ಟು ಹೊಂದಿಕೊಂಡಿದೆ ಎಂದು ಸಂತೋಷಪಡುವುದು ಅಜ್ಞಾನದಿಂದಾದ ಕ್ರೌರ್ಯವಲ್ಲದೆ ಬೇರೆಯಲ್ಲ.

ಹಾಗಾದರೆ ಬೆಳವಣಿಗೆ ನಿಲ್ಲುವುದೇತಕ್ಕೆ? ಈ ಪ್ರಶ್ನೆಯನ್ನು ವಿಜ್ಞಾನವು ಕೇಳತೊಡಗಿ ನೂರೈವತ್ತು ವರ್ಷವಾಯಿತು. ಜರ್ಮನಿಯ ಪ್ರಾಣಿಶಾಸ್ತ್ರಜ್ಞನಾದ ಕಾರ್ಲ್ ಸೆಂಪರನು 1870ರ ದಶಕದಲ್ಲಿ ಕೊಳದ ಬಸವನಹುಳುಗಳನ್ನು ಬೇರೆಬೇರೆ ಪ್ರಮಾಣದ ನೀರಿನಲ್ಲಿ ಸಾಕಿ, ಆಹಾರವು ಸಾಕಷ್ಟಿದ್ದರೂ ನೀರು ಕಡಮೆಯಾದಂತೆ ಚಿಪ್ಪು ಗಿಡ್ಡವಾಗುವುದೆಂದು ತೋರಿಸಿದನು. ನೀರಿನಲ್ಲಿ ಅಡಗಿರುವ ಯಾವುದೋ ಅಜ್ಞಾತ ದ್ರವ್ಯವೇ ಕಾರಣವಿರಬೇಕೆಂದು ಅವನು ಊಹಿಸಿದನು. 1930ರ ದಶಕದಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಆಲೀ ಮತ್ತು ಸಂಗಡಿಗರು ಚಿನ್ನದ ಮೀನುಗಳ ಮೇಲೆ ಪ್ರಯೋಗ ನಡೆಯಿಸಿ, ಬೇರೆ ಮೀನುಗಳು ಸ್ವಲ್ಪಕಾಲ ಇದ್ದ ನೀರಿನಲ್ಲಿ ಬೆಳವಣಿಗೆಯು ಕೊಂಚ ಹೆಚ್ಚುವುದೂ ಉಂಟೆಂದು ಕಂಡರು. ಇವೆರಡನ್ನೂ ಕೂಡಿಸಿ ನೋಡಿದರೆ ಮೀನಿನ ಬೆಳವಣಿಗೆಯನ್ನು ನಿರ್ಣಯಿಸುವುದು ಗಾಜಿನ ಗೋಡೆಯಲ್ಲ, ಗೋಡೆಯೊಳಗಣ ನೀರಿನ ಸ್ಥಿತಿ ಎಂಬುದು ವಿಶದವಾಗುತ್ತದೆ.

ಆ ಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಸದಾ ಹೊರಹಾಕುತ್ತಿರುತ್ತದೆ; ಉಳಿದ ಆಹಾರವೂ ಮಲವೂ ಕೊಳೆತು ಅದನ್ನು ಹೆಚ್ಚಿಸುತ್ತವೆ. ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮೊದಲ ಎರಡು ಕಡುವಿಷ. ಮೂರನೆಯದು ಮೆಲ್ಲಗೆ ಕೂಡಿಕೊಳ್ಳುವ ವಿಷ. ನೀರನ್ನು ಆಗಾಗ ಬದಲಾಯಿಸದೆ, ಆರಿದಷ್ಟನ್ನೇ ತುಂಬಿಸುತ್ತ ಹೋದರೆ ಈ ವಿಷವೂ ಲವಣಗಳೂ ದಿನೇದಿನೇ ಸಾಂದ್ರವಾಗುವುವು. ಮೀನು ಒಡನೆಯೇ ಸಾಯುವುದಿಲ್ಲ, ಆದರೆ ಉಣಿಸಿದ್ದು ಮಾಂಸವಾಗದೆ ಬದುಕಿಕೊಳ್ಳುವ ಪ್ರಯಾಸಕ್ಕೇ ವ್ಯಯವಾಗುವುದು. ಆಮ್ಲಜನಕದ ಮಾತೂ ಹಾಗೆಯೇ: ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ ಸುಮಾರು ಒಂಬತ್ತು ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದಾದರೆ, ಮೂವತ್ತು ಡಿಗ್ರಿಯದು ಏಳೂವರೆಯನ್ನಷ್ಟೇ ಹಿಡಿಯಬಲ್ಲದು. ಹೊರಗಿನ ಉಷ್ಣವು ನಲವತ್ತನ್ನು ಮೀರುವ ರಾಯಚೂರಿನ ಬೇಸಗೆಯಲ್ಲಿ, ಕರೆಂಟು ಹೋಗಿ ಗಾಳಿಯ ಯಂತ್ರವು ನಿಂತ ಮಧ್ಯಾಹ್ನದಲ್ಲಿ, ಚಿಕ್ಕ ತೊಟ್ಟಿಯ ಮೀನಿನ ಪಾಡು ಏನೆಂಬುದನ್ನು ವಾಚಕರೇ ಊಹಿಸಬಹುದು.

ಆಹಾರದ ದೋಷವೂ ಇದಕ್ಕೆ ಸೇರಿಕೊಳ್ಳುತ್ತದೆ. ಮೀಸೆಯ ಮೀನುಗಳಲ್ಲಿ ಬಹುಪಾಲು ನಿಶಾಚರಿಗಳು. ಹಗಲಿನಲ್ಲಿ ಉದುರಿಸಿದ ತೇಲುವ ಆಹಾರವನ್ನು ಮೇಲಿನ ಮೀನುಗಳು ಮುಗಿಸಿದಮೇಲೆ, ತಳದಲ್ಲಿ ಅಡಗಿರುವ ಇವಕ್ಕೆ ದೊರೆಯುವುದು ಕಸಮಾತ್ರ. ತಳದ ಮೀನು ಕಸವನ್ನೇ ತಿಂದು ಬದುಕುವುದೆಂಬ ನಂಬಿಕೆಯು ಎಷ್ಟೋ ಮೀನುಗಳನ್ನು ಹಸಿವಿನಿಂದ ಕುಗ್ಗಿಸಿದೆ. ಕೊಳಕು ತಳದಲ್ಲಿ ಅವುಗಳ ಮೀಸೆಗಳು ಸವೆದುಹೋದರೆ ಆಹಾರವನ್ನು ಅರಸುವ ಸಾಧನವೇ ಇಲ್ಲವಾಗುವುದು. ಆಹಾರದಲ್ಲಿ ಸಿ ಜೀವಸತ್ತ್ವವು ಇಲ್ಲದಿದ್ದರೆ ಕ್ಯಾಟ್‌ಫಿಶ್‌ಗಳ ಬೆನ್ನೆಲುಬು ಬಾಗಿಹೋಗುವುದೆಂಬುದನ್ನು ಅಮೆರಿಕದ ಸಂಶೋಧಕರು 1970ರ ದಶಕದಲ್ಲಿಯೇ ಸ್ಥಾಪಿಸಿದರು. ಮೈ ಬೆಳೆಯದಿದ್ದರೂ ಒಳಗಿನ ಅವಯವಗಳು ಬೆಳೆಯುತ್ತಲೇ ಹೋಗಿ ಕೊನೆಗೆ ಮೀನು ಒಡೆದು ಸಾಯುವುದೆಂದು ಹೇಳುವವರೂ ಉಂಟು. ಅದಕ್ಕೆ ಶಾಸ್ತ್ರೀಯವಾದ ಆಧಾರವಿಲ್ಲ. ಸತ್ಯಸಂಗತಿಯೇ ಸಾಕಷ್ಟು ದುಃಖಕರವಾಗಿರುವಾಗ ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ.

ಕುಬ್ಜತೆಯೆಲ್ಲವೂ ಶಾಶ್ವತವಲ್ಲ ಎಂಬುದಕ್ಕೆ ಆಂಧ್ರದ ಮೀನುಕೃಷಿಯಲ್ಲಿಯೇ ನಿದರ್ಶನವಿದೆ. ಕೊಲ್ಲೇರು ಸರೋವರದ ಸುತ್ತಿನ ರೈತರು ಗೆಂಡೆಜಾತಿಯ ಮೀನುಮರಿಗಳನ್ನು ಒತ್ತೊತ್ತಾಗಿ, ಮಿತವಾದ ಆಹಾರದಲ್ಲಿ ಒಂದು ವರ್ಷ ಇಟ್ಟು, ಬುದ್ಧಿಪೂರ್ವಕವಾಗಿ ಅವುಗಳ ಬೆಳವಣಿಗೆಯನ್ನು ತಡೆದು, ಬಳಿಕ ವಿಶಾಲವಾದ ಕೆರೆಗಳಿಗೆ ಬಿಡುತ್ತಾರೆ. ಆಗ ಅವು ಕಳೆದುಕೊಂಡದ್ದನ್ನು ತುಂಬಿಕೊಳ್ಳುವಂತೆ ಶೀಘ್ರವಾಗಿ ಬೆಳೆಯುತ್ತವೆ. ಕುಂಡದಲ್ಲಿ ಉಳಿದ ಆಲದ ಸಸಿಯನ್ನು ಕಾಲದಲ್ಲಿ ನೆಲಕ್ಕಿಳಿಸಿದರೆ ಅದು ಮರವಾಗುವಂತೆಯೇ ಇದು. ಆದರೆ ಆ ರೈತನ ತಡೆಗೆ ಅವಧಿಯುಂಟು, ಉದ್ದೇಶವುಂಟು, ಕೊನೆಯಲ್ಲಿ ಬಿಡುಗಡೆಯುಂಟು. ಮನೆಯ ತೊಟ್ಟಿಯ ಮೀನಿಗೆ ಇವು ಮೂರೂ ಇಲ್ಲ. ವರ್ಷಗಳು ಕಳೆದು ಬೆನ್ನೆಲುಬು ಬಾಗಿದಮೇಲೆ ದೊಡ್ಡ ನೀರು ದೊರೆತರೂ ಅದು ನೆಟ್ಟಗಾಗದು.

ಎಡೆದೊರೆ ನಾಡಿನ ಜಲಚಿತ್ರವೂ ಈ ನಡುವೆ ಬಹಳ ಮಾರ್ಪಟ್ಟಿದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯು ಸಿಂಧನೂರು, ಮಾನ್ವಿ, ರಾಯಚೂರುಗಳಿಗೆ ಬಂದಮೇಲೆ, ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು, ಮೀನುಸಾಕಣೆಗೂ ದಾರಿಯಾಯಿತು. ಆದರೆ ಪ್ರವಾಹಕ್ಕೆ ಇದಿರಾಗಿ ಏರುತ್ತಿದ್ದ ಮೀನುಗಳಿಗೆ ಅಣೆಕಟ್ಟೇ ಗೋಡೆಯಾಯಿತು. ಸೈಕ್ಸನು ಪರಿಚಯಿಸಿದ ಸೈಲೋನಿಯಾ ಇಂದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಬಾಳೆಮೀನೂ ಎಲ್ಲೆಡೆ ಕಡಮೆಯಾಗುತ್ತಿದೆ. ನಮ್ಮ ಹೊಳೆಯ ಸ್ವಂತ ಮೀಸೆಮೀನುಗಳು ಹೀಗೆ ಸಂಕಟದಲ್ಲಿರುವಾಗ, ತೊಟ್ಟಿಗೆ ಹಿಡಿಯದಂತಾದ ಪರದೇಶದ ಮೀನನ್ನು ದಯೆಯಿಂದಲೋ ಬೇಸರದಿಂದಲೋ ತಂದು ಕೆರೆಗೋ ಕಾಲುವೆಗೋ ಬಿಡುವುದು ಎರಡನೆಯ ಅಪರಾಧ. ಸಕ್ಕರ್ ಮೀನು ಹೀಗೆಯೇ ದಕ್ಷಿಣಭಾರತದ ಅನೇಕ ಕೆರೆನದಿಗಳನ್ನು ಸೇರಿ ಬಲೆಗಳನ್ನು ಹರಿಯುತ್ತಿದೆ. ಸಾಕಣೆಗೆಂದು ಕಳ್ಳಮಾರ್ಗದಿಂದ ಬಂದ ಆಫ್ರಿಕನ್ ಕ್ಯಾಟ್‌ಫಿಶ್ ದೇಶೀಯ ಮೀನುಗಳನ್ನು ನುಂಗುವುದೆಂದು ಕೇಂದ್ರಸರ್ಕಾರವು 2000ದಲ್ಲಿಯೇ ಅದನ್ನು ನಿಷೇಧಿಸಿದ್ದರೂ ಅದರ ಸಾಕಣೆಯು ಪೂರ್ತಿಯಾಗಿ ನಿಂತಿಲ್ಲ.

ಮೀನು ಸಾಕಬಾರದೆಂದು ನಾನು ಹೇಳುವುದಿಲ್ಲ. ನೀರಿನೊಳಗಣ ಜೀವವನ್ನು ದಿನವೂ ನೋಡುತ್ತ ಬೆಳೆಯುವ ಮಗುವಿಗೆ ಜೀವದಯೆಯೂ ಕುತೂಹಲವೂ ಸಹಜವಾಗಿ ಬರುತ್ತವೆ. ಅದು ಬೆಲೆಯುಳ್ಳ ಶಿಕ್ಷಣ. ನೀರಮಾನ್ವಿಯಲ್ಲಾಗಲಿ, ದೇವದುರ್ಗದಲ್ಲಾಗಲಿ, ರಾಯಚೂರಿನ ಬಡಾವಣೆಯಲ್ಲಾಗಲಿ ತೊಟ್ಟಿಯನ್ನಿಡುವವರು ಎರಡೂವರೆ ಅಂಗುಲವನ್ನು ಮೀರದ ಕೋರಿಡೋರಾಸ್‌ನಂಥ ಪುಟ್ಟ ಕ್ಯಾಟ್‌ಫಿಶ್‌ಗಳನ್ನು ಆರಿಸಿಕೊಳ್ಳಲಿ. ಅವು ಗುಂಪಿನಲ್ಲಿ ಬಾಳುವಂಥವಾದ್ದರಿಂದ ಐದಾರನ್ನು ಒಟ್ಟಿಗೆ ಇಡಲಿ. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು, ಕ್ಲೋರಿನ್ ಕಳೆದಮೇಲೆ, ಬದಲಾಯಿಸಲಿ. ದೀಪವಾರಿಸಿದಮೇಲೆ ತಳಕ್ಕೆ ಮುಳುಗುವ ಆಹಾರವನ್ನು ಹಾಕಲಿ. ಮರಿಯನ್ನು ಕೊಳ್ಳುವ ಮುನ್ನ ಅಂಗಡಿಯವನನ್ನು, ಇದು ಪೂರ್ತಿ ಬೆಳೆದರೆ ಎಷ್ಟುದ್ದವಾಗುವುದು ಎಂದು ಕೇಳಲಿ. ಉತ್ತರ ದೊರೆಯದಿದ್ದರೆ ಕೊಳ್ಳದೆ ಹಿಂದಿರುಗಲಿ. ಈಗಾಗಲೇ ದೊಡ್ಡ ಜಾತಿಯ ಮೀನನ್ನು ತಂದುಬಿಟ್ಟವರು ಅದನ್ನು ಹೊಳೆಗೆ ಬಿಡದೆ, ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಲಿ, ಇಲ್ಲವೆ ಅಂಗಡಿಗೇ ಮರಳಿಸಲಿ. ನೀರು, ಮೈ, ಗಾತ್ರ, ಆಹಾರ ಎಂಬ ನಾಲ್ಕನ್ನು ಕಲ್ಯಾಣದ ಅರಸನು ಒಂಬತ್ತು ಶತಮಾನಗಳ ಹಿಂದೆಯೇ ಎಣಿಸಿ ಬರೆದಿಟ್ಟಿರುವಾಗ, ಅವನ ನಾಡಿನಲ್ಲಿಯೇ ಬಾಳುತ್ತಿರುವ ನಾವು ಅವನ್ನು ಅಲಕ್ಷಿಸಿ ಒಂದು ಮೂಕಪ್ರಾಣಿಯ ಬೆನ್ನೆಲುಬನ್ನು ಬಾಗಿಸುವುದು ಸಲ್ಲದು.